ನಕ್ಷೆಯಲ್ಲಿಲ್ಲದ ಮೈದಾನ

ನಾವು ಹಿಂದೆ ಸೇವೆ ಸಲ್ಲಿಸಿದ ಧರ್ಮಕೇಂದ್ರವೊಂದರ ಪಕ್ಕದಲ್ಲಿ ಒಂದು ಬಯಲಿತ್ತು. ಭಾನುವಾರದ ಪೂಜೆ ಮುಗಿದೊಡನೆ ಮಕ್ಕಳು ಅಲ್ಲಿಗೆ ಓಡುತ್ತಿದ್ದರು. ಎಲ್ಲ ಮತದವರ ಕ್ರೀಡಾಕೂಟ, ನಾಟಕ, ಯಕ್ಷಗಾನ ಬಯಲಾಟ, ಮದುವೆಯ ಚಪ್ಪರ ಎಲ್ಲವೂ ಅಲ್ಲಿಯೇ. ಅದು ಯಾರದೆಂದು ಯಾರೂ ಕೇಳಿರಲಿಲ್ಲ, ಎಲ್ಲರದೆಂದೇ ನಂಬಿದ್ದೆವು.

ಒಂದು ಮುಂಜಾನೆ ಅಲ್ಲಿ ಕಲ್ಲುಕಂಬ ನೆಟ್ಟು ಮುಳ್ಳುತಂತಿ ಬಿಗಿಯಲಾಗಿತ್ತು. ವಾಳೆಯ ಗುರಿಕಾರರೊಡನೆ ಕಚೇರಿಗೆ ಧಾವಿಸಿದೆವು. ಅಲ್ಲಿನ ಗುಮಾಸ್ತರು ನಕ್ಷೆಯನ್ನು ಮೇಜಿನ ಮೇಲೆ ಹರಡಿದರು. ನಮ್ಮ ಬಯಲಿದ್ದಲ್ಲಿ ಹಳದಿ ಬಣ್ಣವಿತ್ತು. "ಹಳದಿ ಎಂದರೆ ವಸತಿ, ಫಾದರ್" ಎಂದರು. ಕರಡು ನಕ್ಷೆಯ ಪ್ರಕಟಣೆ ಹಿಂದೆಯೇ ಪತ್ರಿಕೆಯಲ್ಲಿ ಬಂದಿತ್ತು; ಆಕ್ಷೇಪಣೆ ಸಲ್ಲಿಸಲು ಕಾಲಾವಕಾಶವೂ ಇತ್ತು. ನಾವು ಆ ಪುಟವನ್ನು ಓದದೆ ಮಡಚಿಟ್ಟಿದ್ದೆವು. ತಪ್ಪು ಕಚೇರಿಯದಲ್ಲ, ನಮ್ಮದು.

ಇರುವಿಕೆಗೆ ಹಲವು ಬಗೆಗಳುಂಟೆಂದು ನಾವು ಗುರುಮಠದ ತತ್ವಶಾಸ್ತ್ರದ ತರಗತಿಯಲ್ಲಿ ಕಲಿತಿದ್ದೆವು. ನಗರ ಯೋಜನೆಯ ಲೋಕದಲ್ಲಿ ಮಾತ್ರ ಒಂದೇ ಬಗೆ: ನಕ್ಷೆಯಲ್ಲಿ ಇರುವುದು. ಊರಿನ ನೆನಪಿನಲ್ಲಿ ಎಷ್ಟೇ ಆಳವಾಗಿ ಬೇರೂರಿದ್ದರೂ ನಕ್ಷೆಯಲ್ಲಿ ಗುರುತಾಗದ ಮೈದಾನ ಕಾನೂನಿನ ಕಣ್ಣಿಗೆ ಮಾರಾಟಕ್ಕಿರುವ ನೆಲವಷ್ಟೇ.

ನಕ್ಷೆಯಲ್ಲಿ ಗುರುತಾದ ಜಾಗಕ್ಕೆ ಎಂಥ ಬಲವಿದೆ ಎಂಬುದಕ್ಕೆ ನಮ್ಮ ರಾಜ್ಯದ ರಾಜಧಾನಿಯಲ್ಲೇ ಒಂದು ನಿದರ್ಶನವಿದೆ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯ ಯೋಜನೆಯಲ್ಲಿ ಒಂದು ಜಾಗವನ್ನು ಉದ್ಯಾನಕ್ಕೆಂದು ಮೀಸಲಿಡಲಾಗಿತ್ತು. ಮುಂದೆ ಸರ್ಕಾರದ ಆದೇಶದಂತೆ ಆ ಜಾಗ ಖಾಸಗಿ ಟ್ರಸ್ಟೊಂದರ ಆಸ್ಪತ್ರೆಗೆ ಹಂಚಿಕೆಯಾಯಿತು. ನೆರೆಯ ನಿವಾಸಿಗಳು ಹೈಕೋರ್ಟಿನ ಮೆಟ್ಟಿಲೇರಿದರು. ಏಕಸದಸ್ಯ ಪೀಠದಲ್ಲಿ ಅವರ ಅರ್ಜಿ ವಜಾ ಆಯಿತು. ವಿಭಾಗೀಯ ಪೀಠದಲ್ಲಿ ಗೆಲುವು ದೊರೆಯಿತು. ಕೊನೆಗೆ 1991ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಟಿ.ಕೆ. ತೊಮ್ಮನ್ ಮತ್ತು ಆರ್.ಎಂ. ಸಹಾಯ್ ಅವರು ಆ ಗೆಲುವನ್ನು ಎತ್ತಿಹಿಡಿದರು.

ಇಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಆಸ್ಪತ್ರೆಯೂ ಒಳ್ಳೆಯದೇ ಅಲ್ಲವೇ? ರೋಗಿಯ ಮುಂದೆ ಹುಲ್ಲುಹಾಸು ದೊಡ್ಡದೇ? ಆದರೆ ಆ ವ್ಯಾಜ್ಯ ಒಳಿತು ಕೆಡುಕುಗಳ ನಡುವಿನದಾಗಿರಲಿಲ್ಲ. ಎಲ್ಲರಿಗೂ ತೆರೆದಿದ್ದ ಒಂದು ಒಳಿತನ್ನು ತೆಗೆದು, ಅದರ ಸ್ಥಾನದಲ್ಲಿ ಖಾಸಗಿಯವರ ಒಡೆತನದ ಇನ್ನೊಂದನ್ನು ಇಡಬಹುದೇ, ಅದನ್ನು ನಿರ್ಧರಿಸುವವರು ಯಾರು, ಯಾವ ವಿಧಾನದಿಂದ ಎಂಬುದೇ ಅಲ್ಲಿನ ತಿರುಳು. ಯೋಜನೆಯನ್ನು ಉತ್ತಮಪಡಿಸಲು ಕಾನೂನು ಕೊಟ್ಟ ಅಧಿಕಾರವನ್ನು ಉದ್ಯಾನವನ್ನೇ ಖಾಸಗಿ ಕೈಗೆ ಒಪ್ಪಿಸಲು ಬಳಸಲಾಗದು ಎಂದು ನ್ಯಾಯಾಲಯ ತೀರ್ಪಿತ್ತಿತು. ಉದ್ಯಾನದ ಸುಖ ಒಂದು ಕಾಲಕ್ಕೆ ಸಿರಿವಂತರ ಸೊತ್ತಾಗಿತ್ತೆಂಬುದನ್ನೂ ಅದು ನೆನಪಿಸಿತು. ಬಂಗಲೆಯುಳ್ಳವನಿಗೆ ಅಂಗಳವಿದೆ, ಒಂದೇ ಕೋಣೆಯ ಮನೆಯ ಮಗುವಿಗೆ ಇರುವುದು ಊರಿನ ಮೈದಾನ ಮಾತ್ರ.

ನಿವಾಸಿಗಳು ಗೆದ್ದದ್ದು ಜಾಗ ಮೊದಲೇ ಯೋಜನೆಯಲ್ಲಿ ಗುರುತಾಗಿದ್ದುದರಿಂದ. ಆದರೂ ಹಲವು ವರ್ಷ ಹಿಡಿಯಿತು. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ 1976ರ ಕಾಯಿದೆಗೆ ಮುಂದೆ ಸೇರಿದ 38-ಎ ಕಲಂ, ಉದ್ಯಾನ, ಆಟದ ಮೈದಾನ ಮತ್ತು ನಾಗರಿಕ ಸೌಲಭ್ಯಗಳಿಗೆ ಮೀಸಲಾದ ನೆಲವನ್ನು ಬೇರೆ ಉದ್ದೇಶಕ್ಕೆ ಮಾರಿದರೆ ಆ ವಿಲೇವಾರಿಯೇ ಅನೂರ್ಜಿತವೆನ್ನುತ್ತದೆ. ಮೀಸಲಾದದ್ದಕ್ಕೆ ಕಾವಲುಂಟು, ಮೀಸಲಾಗದ್ದಕ್ಕೆ ಇಲ್ಲ.

ಆದ್ದರಿಂದ ಕಾಯಬೇಕಾದ ಸಮಯ ಕೋರ್ಟಿನದಲ್ಲ, ಕರಡಿನದು. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯಂತೆ, ಮಹಾಯೋಜನೆಯ ಕರಡು ಪ್ರಕಟವಾದಾಗ ಸಾರ್ವಜನಿಕರು ಅಭಿಪ್ರಾಯ ಸಲ್ಲಿಸಲು 60 ದಿನಗಳಿವೆ. ಅನಂತರ ಯಾವುದೇ ಜಾಗದ ಭೂ ಉಪಯೋಗ ಬದಲಿಸಬೇಕಾದರೆ 14-ಎ ಕಲಂ ಪ್ರಕಾರ ದಿನಪತ್ರಿಕೆಯಲ್ಲಿ ಪ್ರಕಟಣೆ ನೀಡಿ, ಆಕ್ಷೇಪಣೆಗೆ ಕನಿಷ್ಠ 15 ದಿನ ಕಾಯಬೇಕು. ನೀವು ಕೈಯಲ್ಲಿ ಹಿಡಿದಿರುವಂಥ ಪತ್ರಿಕೆಯಲ್ಲೇ, ಸಣ್ಣ ಅಕ್ಷರಗಳಲ್ಲಿ, ಅಂಥ ಪ್ರಕಟಣೆ ಬರುತ್ತದೆ.

ಪ್ರತಿ ವಾಳೆಯವರು ನೆರೆಹೊರೆಯ ಎಲ್ಲ ಸಮುದಾಯದವರೊಡನೆ ಕೂಡಿ ತಮ್ಮ ಪರಿಸರದ ಮೈದಾನ, ವಾಚನಾಲಯ, ರಂಗಮಂದಿರ, ಸ್ಮಶಾನ, ಸಭಾಭವನಗಳ ಪಟ್ಟಿ ಮಾಡಲಿ. ಯೋಜನಾ ಪ್ರಾಧಿಕಾರದ ಕಚೇರಿಗೆ ಹೋಗಿ ನಕ್ಷೆಯಲ್ಲಿ ಅವು ಯಾವ ಬಣ್ಣದಲ್ಲಿವೆಯೆಂದು ನೋಡಲಿ. ತಪ್ಪಿದ್ದರೆ ಸರ್ವೆ ನಂಬರಿನೊಡನೆ ಒಂದೇ ಪುಟದ ಮನವಿ ಬರೆದು, ಸ್ವೀಕೃತಿ ಪಡೆಯಲಿ. ಇದಕ್ಕೆ ವಕೀಲರ ಅಗತ್ಯವಿಲ್ಲ; ಎರಡು ಬೆಳಗಿನ ಬಿಡುವು ಸಾಕು.

ಈ ಮಾತನ್ನು ಹೇಳುವಾಗ ನಮ್ಮೆದುರಿಗೂ ಕನ್ನಡಿ ಹಿಡಿದುಕೊಳ್ಳಬೇಕು. ರಸ್ತೆಗೆ ತಾಗಿದ ಚರ್ಚಿನ ಮೈದಾನದಲ್ಲಿ ಅಂಗಡಿ ಸಾಲು ಕಟ್ಟಿಸಿದರೆ ಬಾಡಿಗೆ ಬರುವುದೆಂಬ ಸಲಹೆ ನಮ್ಮ ಪಾಲನಾ ಸಮಿತಿಗಳಲ್ಲೂ ಕೇಳಿಬರುತ್ತದೆ. ಲೆಕ್ಕಪತ್ರದಲ್ಲಿ ಅದು ಲಾಭವೇ. ಆದರೆ ಆಡಲು ಬಂದ ಮಗು ಬೀಗ ಕಂಡು ಹಿಂದಿರುಗಿದ್ದು ಯಾವ ಲೆಕ್ಕದಲ್ಲೂ ನಮೂದಾಗುವುದಿಲ್ಲ. ಅನ್ಯರಿಂದ ಬಯಸುವ ನಿಯಮವನ್ನು ನಾವೂ ಪಾಲಿಸದಿದ್ದರೆ ನಮ್ಮ ಆಕ್ಷೇಪಣೆಗೆ ಬೆಲೆಯೆಲ್ಲಿ?

ಆ ಬಯಲಿನಲ್ಲಿ ಈಗ ಮನೆಗಳಿವೆ. ಅಲ್ಲಿನವರೂ ನಮ್ಮವರೇ, ಅವರ ಮೇಲೆ ನಮಗೆ ಮುನಿಸಿಲ್ಲ. ಆದರೆ ಸಂಜೆ ಅವರ ಮಕ್ಕಳು ಚೆಂಡು ಹಿಡಿದು ರಸ್ತೆಯಂಚಿನಲ್ಲಿ ನಿಂತಿರುವುದನ್ನು ಕಂಡಾಗಲೆಲ್ಲ, ಅಂದು ಮಡಚಿಟ್ಟ ಆ ಪುಟ ನಮಗೆ ನೆನಪಾಗುತ್ತದೆ.