ಸದಾಶಿವನಗರದ ಒಂಟಿ ಫೋಟಾನ್‌ಗಳು

1984ರ ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಕಂಪ್ಯೂಟರ್ ತಜ್ಞರ ಅಂತರರಾಷ್ಟ್ರೀಯ ಸಮ್ಮೇಳನವೊಂದು ನಡೆಯಿತು. ಚಾರ್ಲ್ಸ್ ಬೆನೆಟ್ ಮತ್ತು ಜೀಲ್ ಬ್ರಸಾರ್ಡ್ ಎಂಬ ಇಬ್ಬರು ವಿಜ್ಞಾನಿಗಳ ಪ್ರಬಂಧ ಅಲ್ಲಿ ಮಂಡನೆಯಾಯಿತು. ಗುಪ್ತ ಸಂದೇಶದ ಕೀಲಿಯನ್ನು ಒಂದೊಂದೇ ಫೋಟಾನ್ ಮೂಲಕ ಕಳುಹಿಸುವ ವಿಧಾನ ಅದರಲ್ಲಿತ್ತು. ನಡುವೆ ಯಾರಾದರೂ ಕದ್ದು ಅಳೆದರೆ ಫೋಟಾನಿನ ಸ್ಥಿತಿಯೇ ಕದಡಿ, ಕಳ್ಳತನ ಬಯಲಾಗುತ್ತದೆ. ಇಂದು ಜಗತ್ತಿನ ಕ್ವಾಂಟಮ್ ಪಠ್ಯಗಳೆಲ್ಲ 'ಬಿಬಿ84' ಎಂದು ಕರೆಯುವುದು ಇದನ್ನೇ.

ಈ ವಿಷಯದಲ್ಲಿ ಪಿಎಚ್.ಡಿ. ಮಾಡಬಯಸುವ ಕನ್ನಡದ ಹುಡುಗ ಹುಡುಗಿಯರು ಈಗ ವಿದೇಶಕ್ಕೇ ಹೋಗಬೇಕೆಂದಿಲ್ಲ. ಸರ್ ಸಿ.ವಿ. ರಾಮನ್ 1948ರಲ್ಲಿ ಕಟ್ಟಿದ ರಾಮನ್ ಸಂಶೋಧನಾ ಸಂಸ್ಥೆ ಸದಾಶಿವನಗರದಲ್ಲೇ ಇದೆ. ಪ್ರೊ. ಉರ್ಬಸಿ ಸಿನ್ಹಾ ಅವರು ಅಲ್ಲಿ ಕಟ್ಟಿದ ಪ್ರಯೋಗಾಲಯ ಇಸ್ರೋ ಜೊತೆಗಿನ ಯೋಜನೆಯ ಭಾಗವಾಗಿ, 2021ರಲ್ಲಿ ಎರಡು ಕಟ್ಟಡಗಳ ನಡುವೆ 50 ಮೀಟರ್ ದೂರ ಬಯಲು ಗಾಳಿಯಲ್ಲೇ ಕ್ವಾಂಟಮ್ ಕೀಲಿ ರವಾನಿಸಿತು. ಮುಂದೆ ಉಪಗ್ರಹದ ಮೂಲಕ ಕೀಲಿ ಕಳುಹಿಸುವ ಗುರಿಗೆ ಇದು ಮೊದಲ ಮೆಟ್ಟಿಲು.

ಇಂಥ ಲ್ಯಾಬ್‌ನಲ್ಲಿ ಸಂಶೋಧನಾ ವಿದ್ಯಾರ್ಥಿಯ ದಿನ ಕಳೆಯುವುದು ಹೆಚ್ಚಾಗಿ ಕತ್ತಲಲ್ಲಿ. 405 ನ್ಯಾನೋಮೀಟರ್ ತರಂಗಾಂತರದ ನೇರಳೆ ಲೇಸರನ್ನು ವಿಶೇಷ ಸ್ಫಟಿಕವೊಂದಕ್ಕೆ ಹಾಯಿಸಿದರೆ, ಕೋಟಿಗಟ್ಟಲೆ ಫೋಟಾನ್‌ಗಳಲ್ಲಿ ಎಲ್ಲೋ ಒಂದು ಒಡೆದು 810 ನ್ಯಾನೋಮೀಟರಿನ ಅವಳಿಯಾಗುತ್ತದೆ. ಕಣ್ಣಿಗೆ ಕಾಣದ ಆ ಜೋಡಿಯನ್ನು ಎರಡು ಡಿಟೆಕ್ಟರ್‌ಗಳಲ್ಲಿ ಒಟ್ಟಿಗೆ ಹಿಡಿಯಬೇಕು. ಕನ್ನಡಿ, ಮಸೂರಗಳನ್ನು ಕೂದಲೆಳೆಯಷ್ಟು ಸರಿಸುತ್ತ ವಾರಗಟ್ಟಲೆ ಕಾಯಬೇಕು. ಪರೀಕ್ಷೆಯಲ್ಲಿ ರ‍್ಯಾಂಕ್ ಬಂದವರಿಗೂ ಈ ತಾಳ್ಮೆಯನ್ನು ಹೊಸದಾಗಿಯೇ ಕಲಿಯಬೇಕಾಗುತ್ತದೆ.

ಸಂಸ್ಥೆಯಲ್ಲಿ ಬೆಳಕಿನ ಅಧ್ಯಯನದ ಪರಂಪರೆ ಹಳೆಯದು. ರಾಮನ್ ಅವರ ಸೋದರಳಿಯ ಎಸ್. ಪಂಚರತ್ನಂ 1956ರಲ್ಲಿ ಇನ್ನೂ ಇಪ್ಪತ್ತೆರಡರ ತರುಣ. ಸ್ಫಟಿಕಗಳ ಮೂಲಕ ಹಾಯುವ ಧ್ರುವೀಕೃತ ಬೆಳಕನ್ನು ಅಧ್ಯಯನ ಮಾಡುತ್ತ ಅವರು ಕಂಡುಕೊಂಡ ತತ್ತ್ವದ ಪೂರ್ಣ ಮಹತ್ವ ಜಗತ್ತಿಗೆ ತಿಳಿದದ್ದು, 1984ರಲ್ಲಿ ಭೌತವಿಜ್ಞಾನಿ ಮೈಕಲ್ ಬೆರಿ ಅದೇ ತತ್ತ್ವವನ್ನು ಕ್ವಾಂಟಮ್ ಲೋಕದಲ್ಲಿ ಕಂಡ ಮೇಲೆ. ಅಷ್ಟರಲ್ಲಿ ಪಂಚರತ್ನಂ ತೀರಿಕೊಂಡು ಹದಿನೈದು ವರ್ಷವಾಗಿತ್ತು. ಇಂದಿನ ವಿದ್ಯಾರ್ಥಿಗಳು ಈ ಹೆಸರನ್ನು ತಿಳಿದೇ ಲ್ಯಾಬ್ ಹೊಕ್ಕರೆ ಚೆನ್ನ.

ಪ್ರವೇಶಕ್ಕೆ ಜೆಸ್ಟ್, ಗೇಟ್, ನೆಟ್ ಪರೀಕ್ಷೆಗಳಲ್ಲಿ ಒಂದನ್ನು ದಾಟಿ ಸಂದರ್ಶನ ಎದುರಿಸಬೇಕು. ಕೇಂದ್ರ ಸರ್ಕಾರ 2023ರಲ್ಲಿ ಪರಿಷ್ಕರಿಸಿದ ದರದಂತೆ ಕಿರಿಯ ಸಂಶೋಧಕರ ಫೆಲೋಶಿಪ್ ತಿಂಗಳಿಗೆ 37,000 ರೂಪಾಯಿ. ಅದೇ ವರ್ಷ ಏಪ್ರಿಲ್‌ನಲ್ಲಿ 6,003.65 ಕೋಟಿ ರೂಪಾಯಿಯ ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ ಒಪ್ಪಿಗೆ ಸಿಕ್ಕಿತು. ಅದರಡಿ ಕ್ವಾಂಟಮ್ ಕಂಪ್ಯೂಟಿಂಗ್ ಕೇಂದ್ರ ಬಂದಿರುವುದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ. ಸಂವಹನದ್ದು ಮದ್ರಾಸ್ ಐಐಟಿಗೆ.

ಐದಾರು ವರ್ಷ ಬೇಡುವ ಈ ದಾರಿ ತನಗೆ ಒಗ್ಗುತ್ತದೆಯೇ ಎಂಬ ಅಳುಕಿದ್ದವರಿಗೆ ರಾಮನ್ ಸಂಸ್ಥೆಯ ಸಂದರ್ಶಕ ವಿದ್ಯಾರ್ಥಿ ಕಾರ್ಯಕ್ರಮವಿದೆ. ಓದುತ್ತಿರುವಾಗಲೇ ಲ್ಯಾಬ್‌ನಲ್ಲಿ ಕೆಲಕಾಲ ದುಡಿದರೆ, ಪ್ರಯೋಗ ಕೈಹಿಡಿಯುತ್ತದೋ ಸಿದ್ಧಾಂತ ಸೆಳೆಯುತ್ತದೋ ಎಂಬುದು ಪಿಎಚ್.ಡಿ. ಅರ್ಜಿ ಹಾಕುವ ಮುಂಚೆಯೇ ತಿಳಿಯುತ್ತದೆ.