ಮರಳಿ ಬಂದ ಜ್ವರ: ಹಳೆಯ ಹಗೆಯೋ, ಹೊಸ ಹಗೆಯೋ?

ಮಲೇರಿಯಾ ಹಿಡಿದವನಿಗೆ ವೈದ್ಯರು ಔಷಧ ಕೊಡುತ್ತಾರೆ. ನಡುಕ ನಿಲ್ಲುತ್ತದೆ, ಮೈಯ ಕಾವು ಇಳಿಯುತ್ತದೆ. ಆದರೆ ನಾಲ್ಕನೆಯ ವಾರದಲ್ಲಿ ಅದೇ ಚಳಿ, ಅದೇ ಜ್ವರ ಮತ್ತೆ ಬಂದರೆ ಏನೆನ್ನೋಣ? ಕೊಟ್ಟ ಔಷಧ ಸೋತಿತೆ? ಅಥವಾ ಇನ್ನೊಂದು ಸೊಳ್ಳೆ ಕಚ್ಚಿ ಹೊಸ ರೋಗವನ್ನೇ ತಂದಿತೆ?

ಸೂಕ್ಷ್ಮದರ್ಶಕವು ಇಲ್ಲಿ ನೆರವಾಗದು. ರಕ್ತದಲ್ಲಿರುವುದು ಫಾಲ್ಸಿಪಾರಮ್ ಜಾತಿಯ ಪರೋಪಜೀವಿಯೆಂದು ಅದು ತೋರಿಸಬಲ್ಲುದು. ಯಾವ ತಳಿಯದೆಂದು ಹೇಳಲಾರದು. ಅದನ್ನು ಹೇಳುವುದು ಆ ಜೀವಿಯ ವಂಶವಾಹಿ.

ಒಂದೇ ಕೀರ್ತನೆಯನ್ನು ಹಾಡುವಾಗ ಒಬ್ಬ ವಿದ್ವಾಂಸರು ಪಲ್ಲವಿಯನ್ನು ಮೂರು ಸಲ ಹಾಡಿದರೆ ಇನ್ನೊಬ್ಬರು ಐದು ಸಲ ಹಾಡುವುದುಂಟಷ್ಟೆ? ಈ ಪರೋಪಜೀವಿಯ ಕೆಲವು ವಂಶವಾಹಿಗಳಲ್ಲಿಯೂ ಹಾಗೆಯೇ. ಒಂದು ತುಣುಕು ಮತ್ತೆ ಮತ್ತೆ ಬರುತ್ತದೆ. ಎಷ್ಟು ಸಲವೆಂಬುದು ತಳಿಯಿಂದ ತಳಿಗೆ ಬೇರೆ. ಆದುದರಿಂದ ಆ ಭಾಗದ ಉದ್ದವೇ ತಳಿಯ ಗುರುತಾಗುತ್ತದೆ.

ಔಷಧದ ಪರೀಕ್ಷೆ ನಡೆಯುವಲ್ಲಿ, ಚಿಕಿತ್ಸೆಗೆ ಮುನ್ನ ರೋಗಿಯ ಬೆರಳಿನಿಂದ ಒಂದು ತೊಟ್ಟು ರಕ್ತವನ್ನು ಸೋಸುಕಾಗದದ ಮೇಲೆ ಹಿಡಿದು ಒಣಗಿಸಿಡುತ್ತಾರೆ. 28 ಅಥವಾ 42 ದಿನಗಳವರೆಗೆ ಅವನ ಮೇಲೆ ಕಣ್ಣಿಟ್ಟಿದ್ದು, ರೋಗ ಮರಳಿದರೆ ಮತ್ತೊಂದು ತೊಟ್ಟು ತೆಗೆಯುತ್ತಾರೆ. ಮುಂದಿನದು ಪಿ.ಸಿ.ಆರ್. ವಿಧಾನ. ಬೇಕಾದ ತುಣುಕು ಸುತ್ತುಸುತ್ತಿಗೂ ಇಮ್ಮಡಿಯಾಗುತ್ತ, ಲೆಕ್ಕದ ಪ್ರಕಾರ, 30 ಸುತ್ತುಗಳಲ್ಲಿ ನೂರು ಕೋಟಿಯನ್ನು ಮೀರುತ್ತದೆ. ಆ ತುಣುಕುಗಳನ್ನು ಲೋಳೆಯಂತಹ ಜೆಲ್‌ನಲ್ಲಿಟ್ಟು ವಿದ್ಯುತ್ ಹರಿಸಿದರೆ ಗಿಡ್ಡವಾದವು ಮುಂದೆ ಓಡುತ್ತವೆ, ಉದ್ದವಾದವು ಹಿಂದುಳಿಯುತ್ತವೆ. ಎರಡು ತೊಟ್ಟುಗಳ ಪಟ್ಟೆಗಳೂ ಒಂದೇ ಎತ್ತರದಲ್ಲಿ ನಿಂತರೆ ಹಳೆಯ ಹಗೆಯೇ ಬದುಕುಳಿದಿದೆ. ಬೇರೆ ಬೇರೆಯಾದರೆ ಬಂದದ್ದು ಹೊಸದು.

ಎರಡು ತಳಿಗಳ ಒಂದು ತುಣುಕು ಅಕಸ್ಮಾತ್ತಾಗಿ ಒಂದೇ ಉದ್ದವಿರಬಹುದು. ಅದಕ್ಕಾಗಿಯೇ ವಿಶ್ವ ಆರೋಗ್ಯ ಸಂಸ್ಥೆಯು ಎಂ.ಎಸ್.ಪಿ.1, ಎಂ.ಎಸ್.ಪಿ.2, ಗ್ಲರ್ಪ್ ಎಂಬ ಮೂರು ವಂಶವಾಹಿಗಳನ್ನು ನೋಡಬೇಕೆಂದು ವಿಧಿಸಿತ್ತು. 2021ರಲ್ಲಿ ಗ್ಲರ್ಪ್‌ನ ಬದಲು ಇನ್ನೂ ನಂಬಲರ್ಹವಾದ ಬೇರೊಂದು ಗುರುತನ್ನು ಬಳಸುವಂತೆ ಸೂಚಿಸಿತು. ಒಬ್ಬನ ರಕ್ತದಲ್ಲಿಯೇ ಹಲವು ತಳಿಗಳು ಬೆರೆತಿರುವುದೂ ಉಂಟು. ಆಗ ಹೆಚ್ಚಿನ ಸಂಖ್ಯೆಯ ತಳಿ, ಕಡಮೆಯದನ್ನು ಮರೆಮಾಡಿಬಿಡುತ್ತದೆ. ವೈವ್ಯಾಕ್ಸ್ ಜಾತಿಯದಂತೂ ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಮಲಗಿದ್ದು ಏಳಬಲ್ಲುದಾದ್ದರಿಂದ, ಅಲ್ಲಿ ಈ ಲೆಕ್ಕ ಸುಲಭವಾಗಿ ಬಗೆಹರಿಯದು.

ಇಷ್ಟು ಶ್ರಮವೇಕೆಂದು ವಾಚಕರು ಕೇಳಬಹುದು. ಹೀಗೆ ತಿದ್ದಿದ ಲೆಕ್ಕದಲ್ಲಿ ನೂರಕ್ಕೆ 10 ಮಂದಿ ರೋಗಿಗಳಲ್ಲಿ ಔಷಧ ಸೋತರೆ ಅದನ್ನು ಬದಲಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಯಮ. ಹೊಸ ರೋಗವನ್ನು ಹಳೆಯದೆಂದು ಬಗೆದರೆ ಒಳ್ಳೆಯ ಔಷಧವೊಂದು ವೃಥಾ ಕೈಬಿಟ್ಟುಹೋಗುತ್ತದೆ. ಹಳೆಯದನ್ನು ಹೊಸದೆಂದು ಬಗೆದರೆ ಸೋತ ಔಷಧವನ್ನೇ ಮಕ್ಕಳಿಗೆ ಕುಡಿಸುತ್ತಿರುತ್ತೇವೆ. ಭಾರತದಲ್ಲಿ ಕ್ಲೋರೋಕ್ವಿನ್‌ಗೆ ಬಗ್ಗದ ಫಾಲ್ಸಿಪಾರಮ್ 1973ರಲ್ಲಿ ಅಸ್ಸಾಮಿನಲ್ಲಿ ಮೊದಲು ಗೋಚರಿಸಿತು. ಅದರ ಬದಲಿಗೆ ಬಂದ ಜೋಡಿ ಔಷಧವೂ ಈಶಾನ್ಯ ರಾಜ್ಯಗಳಲ್ಲಿ ಕುಂದತೊಡಗಿದಾಗ, 2013ರಲ್ಲಿ ಅಲ್ಲಿಗೆ ಆರ್ಟಿಮೆಥರ್-ಲ್ಯೂಮೆಫ್ಯಾಂಟ್ರಿನ್ ಎಂಬ ಬೇರೆ ಜೋಡಿಯನ್ನು ಗೊತ್ತುಮಾಡಲಾಯಿತು.

ದೇಶವೊಂದು ತನ್ನ ಔಷಧವನ್ನು ಉಳಿಸಿಕೊಳ್ಳಬೇಕೋ ಬಿಡಬೇಕೋ ಎಂಬ ತೀರ್ಮಾನ, ಕಾಗದದ ಮೇಲೆ ಒಣಗಿದ ಎರಡು ತೊಟ್ಟು ರಕ್ತವನ್ನು ಹೀಗೆ ಹೋಲಿಸಿ ನೋಡುವುದರಲ್ಲಿದೆ.