ಆಯ್ಕೆಪಟ್ಟಿಯ ಹಿಂದಿನ ಕೋಷ್ಟಕ

ಶಾಲೆಯ ಪ್ರವೇಶ, ವಿದ್ಯಾರ್ಥಿವೇತನ, ಪರೀಕ್ಷೆಯ ನೋಂದಣಿ ಮೊದಲಾದ ಅನೇಕ ಕಾರ್ಯಗಳಿಗೆ ಇಂದು ಗಣಕಯಂತ್ರದ ಪರದೆಯ ಮೇಲೆಯೇ ಅರ್ಜಿಯನ್ನು ತುಂಬಬೇಕಾಗುತ್ತದೆ. ಅರ್ಜಿದಾರರು ತಮ್ಮ ಹೆಸರನ್ನು ಬರೆಯುತ್ತಾರೆ. ಜಿಲ್ಲೆಯ ಹೆಸರನ್ನಾದರೋ ಆರಿಸುತ್ತಾರೆ. ಪುಟ್ಟ ಬಾಣದ ಗುರುತನ್ನು ಒತ್ತಿದೊಡನೆ ಹೆಸರುಗಳ ಸಾಲೊಂದು ಕೆಳಗಿಳಿಯುತ್ತದೆ. ಇದಕ್ಕೆ ಡ್ರಾಪ್‌ಡೌನ್ ಪಟ್ಟಿ ಎಂದು ಹೆಸರು.

ಬರೆಯಗೊಡದೆ ಆರಿಸಹೇಳುವುದಕ್ಕೆ ಕಾರಣವುಂಟು. ‘ಬಳ್ಳಾರಿ’ ಎಂದು ಒಬ್ಬರೂ ‘ಬಳ್ಳಾರಿ ಜಿಲ್ಲೆ’ ಎಂದು ಇನ್ನೊಬ್ಬರೂ ಬರೆದರೆ ಮನುಷ್ಯನಿಗೆ ಎರಡೂ ಒಂದೇ; ಯಂತ್ರಕ್ಕೆ ಅವು ಬೇರೆ ಬೇರೆ. ಎಣಿಕೆ ತಪ್ಪುತ್ತದೆ.

ಈ ಪಟ್ಟಿಯನ್ನು ಎರಡು ವಿಧವಾಗಿ ಸಿದ್ಧಪಡಿಸಬಹುದು. ಹೆಸರುಗಳನ್ನು ಆಯಾ ಪುಟದಲ್ಲಿಯೇ ಬರೆದಿಡುವುದು ಒಂದು ವಿಧ. ಹತ್ತು ಅರ್ಜಿಗಳಿದ್ದರೆ ಹತ್ತು ಕಡೆ ಬರೆಯಬೇಕು. ಹೆಸರುಗಳನ್ನು ಡೇಟಾಬೇಸ್ ಎಂಬ ಮಾಹಿತಿಯ ಭಂಡಾರದಲ್ಲಿ ಒಂದೇ ಕಡೆ ಇಟ್ಟು, ಬೇಕಾದಾಗ ತರಿಸಿಕೊಳ್ಳುವುದು ಇನ್ನೊಂದು ವಿಧ. ಮಾಹಿತಿಯನ್ನು ಹೀಗೆ ಕೋಷ್ಟಕಗಳ ರೂಪದಲ್ಲಿ ಜೋಡಿಸುವ ಸಿದ್ಧಾಂತವನ್ನು ಐಬಿಎಂ ಸಂಸ್ಥೆಯಲ್ಲಿದ್ದ ಎಡ್ಗರ್ ಕಾಡ್ ಅವರು 1970ರಲ್ಲಿ ಪ್ರಕಟಿಸಿದರು.

ಅರ್ಜಿಯ ಪುಟವನ್ನು ತೆರೆದಾಗ ಸರ್ವರ್ ಎಂಬ ದೂರದ ಗಣಕವು ಜಿಲ್ಲೆಗಳ ಕೋಷ್ಟಕವನ್ನು ಕೇಳುತ್ತದೆ. ಸಾಲುಗಳು ಅಕಾರಾದಿಯಾಗಿ ಬರುತ್ತವೆ. ಒಂದೊಂದು ಸಾಲೂ ಪಟ್ಟಿಯ ಒಂದೊಂದು ಆಯ್ಕೆಯಾಗುತ್ತದೆ. ಪ್ರತಿ ಸಾಲಿನಲ್ಲಿ ಎರಡು ಅಂಶಗಳಿರುತ್ತವೆ: ಕಣ್ಣಿಗೆ ಕಾಣುವ ಹೆಸರು, ಕಾಣದಿರುವ ಸಂಕೇತಸಂಖ್ಯೆ. ಅರ್ಜಿದಾರರು ಹೆಸರನ್ನು ಆರಿಸಿದರೂ ದಾಖಲೆಗೆ ಸೇರುವುದು ಸಂಖ್ಯೆಯೇ. 2014ರ ನವೆಂಬರ್ 1ರಂದು ಬಿಜಾಪುರವು ವಿಜಯಪುರವಾಯಿತು. ಇಂತಹ ಸಂದರ್ಭದಲ್ಲಿ ಕೋಷ್ಟಕದ ಒಂದು ಹೆಸರನ್ನು ತಿದ್ದಿದರೆ ಸಾಕು. ಸಂಖ್ಯೆಯು ಬದಲಾಗದಿರುವುದರಿಂದ ಹಳೆಯ ದಾಖಲೆಗಳೆಲ್ಲವೂ ತಾವಾಗಿಯೇ ಹೊಸ ಹೆಸರನ್ನು ತೋರುತ್ತವೆ.

ತಾಲ್ಲೂಕುಗಳಿಗೆ ಬೇರೆ ಕೋಷ್ಟಕವಿರುತ್ತದೆ. ಪ್ರತಿ ತಾಲ್ಲೂಕಿನ ಪಕ್ಕದಲ್ಲಿ ಅದರ ಜಿಲ್ಲೆಯ ಸಂಖ್ಯೆಯನ್ನು ನಮೂದಿಸಿರುತ್ತಾರೆ. ಜಿಲ್ಲೆಯನ್ನು ಆರಿಸಿದೊಡನೆ ಅದಕ್ಕೆ ಸೇರಿದ ತಾಲ್ಲೂಕುಗಳು ಮಾತ್ರ ಎರಡನೆಯ ಪಟ್ಟಿಯಲ್ಲಿ ಕಾಣಿಸಿಕೊಳ್ಳುವುದು ಇದರಿಂದಲೇ. ಅರ್ಜಿಯು ಮರಳಿ ಬಂದಾಗ, ಆರಿಸಿದ ಸಂಖ್ಯೆಯು ಕೋಷ್ಟಕದಲ್ಲಿ ನಿಜವಾಗಿಯೂ ಇದೆಯೇ ಎಂದು ಸರ್ವರ್ ಮತ್ತೊಮ್ಮೆ ಪರಿಶೀಲಿಸಬೇಕು. ಪರದೆಯಿಂದ ಬಂದುದನ್ನೆಲ್ಲ ನಂಬುವುದು ವಿವೇಕವಲ್ಲ.

ಆದರೆ ಕೋಷ್ಟಕವು ತಾನಾಗಿ ಬೆಳೆಯುವುದಿಲ್ಲ. 1956ರಲ್ಲಿ ರಾಜ್ಯವು ಏಕೀಕೃತವಾದಾಗ ಇದ್ದ ಜಿಲ್ಲೆಗಳು 19. 2021ರಲ್ಲಿ ಬಳ್ಳಾರಿಯನ್ನು ವಿಭಜಿಸಿ ವಿಜಯನಗರ ಜಿಲ್ಲೆಯನ್ನು ರಚಿಸಿದಾಗ ಅವುಗಳ ಸಂಖ್ಯೆ 31 ಆಯಿತು. ಹೊಸ ಜಿಲ್ಲೆಯ ಸಾಲನ್ನು ಸೇರಿಸಿ, ಅದರ ತಾಲ್ಲೂಕುಗಳ ಪಕ್ಕದ ಸಂಖ್ಯೆಯನ್ನು ತಿದ್ದಲು ಕೆಲವು ನಿಮಿಷಗಳು ಸಾಕು. ಆ ಕೆಲಸವನ್ನು ಮರೆತರೆ ಹೊಸಪೇಟೆಯ ವಿದ್ಯಾರ್ಥಿನಿಯ ಪಾಡೇನು? ಕಾಗದದ ಅರ್ಜಿಯಾಗಿದ್ದರೆ ಅಂಚಿನಲ್ಲಾದರೂ ತನ್ನ ಜಿಲ್ಲೆಯ ಹೆಸರನ್ನು ಬರೆಯಬಹುದಿತ್ತು. ಇಲ್ಲಿ ಅಂಚೇ ಇಲ್ಲ. ಅವಳು ಸುಳ್ಳು ಉತ್ತರವನ್ನು ಆರಿಸಬೇಕು, ಇಲ್ಲವೆ ಅರ್ಜಿಯನ್ನೇ ಕೈಬಿಡಬೇಕು.

ಆಯ್ಕೆಯ ಸ್ವಾತಂತ್ರ್ಯವು ಅರ್ಜಿದಾರರದೆಂದು ಮೇಲುನೋಟಕ್ಕೆ ತೋರುತ್ತದೆ. ವಸ್ತುತಃ ಅದರ ಎಲ್ಲೆಯನ್ನು ಗೊತ್ತುಪಡಿಸುವುದು ಕೋಷ್ಟಕ. ಆದುದರಿಂದ ಕೋಷ್ಟಕವನ್ನು ಕಾಲಕಾಲಕ್ಕೆ ತಿದ್ದುವವರ ಶ್ರದ್ಧೆಯು ಯಂತ್ರದ ವೇಗಕ್ಕಿಂತ ದೊಡ್ಡದು.